ಕಾಂಪೆನ್ ಆಸ್ಪತ್ರೆಯ ಹದಿನೇಳನೆಯ ರೋಗಿ

1945ರ ಸೆಪ್ಟೆಂಬರ್ 11. ನೆದರ್ಲೆಂಡ್ಸ್ ದೇಶದ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆ. 67 ವರ್ಷದ ಹೆಂಗಸೊಬ್ಬರು ಪ್ರಜ್ಞೆ ಇಲ್ಲದೆ ಮಲಗಿದ್ದಾರೆ. ಕರೆದರೆ ಓಗೊಡುವುದಿಲ್ಲ. ಮೂತ್ರ ಹೆಚ್ಚುಕಡಿಮೆ ನಿಂತೇ ಹೋಗಿದೆ. ಮಂಚದ ಪಕ್ಕದಲ್ಲಿ ಒಂದು ದೊಡ್ಡ ಎನಾಮಲ್ ತೊಟ್ಟಿ ಇದೆ. ಅದರಲ್ಲಿ ಮರದ ಪಟ್ಟಿಗಳಿಂದ ಮಾಡಿದ ಒಂದು ಡ್ರಮ್ಮು ಅರ್ಧ ಮುಳುಗಿದೆ. ಡ್ರಮ್ಮಿನ ಮೈತುಂಬ ತೆಳ್ಳಗಿನ ಸೆಲ್ಲೋಫೇನ್ ಕೊಳವೆ ಸುತ್ತಿದ್ದಾರೆ. ಆ ದೇಶಗಳಲ್ಲಿ ಮಾಂಸ ತುಂಬಿ ಸಾಸೇಜ್ ಮಾಡುತ್ತಾರಲ್ಲ, ಅದಕ್ಕೆ ಬಳಸುವ ಕೊಳವೆಯೇ ಇದು. ಈಗ ಅದರೊಳಗೆ ಆ ಹೆಂಗಸಿನ ರಕ್ತ ಹರಿಯಬೇಕಾಗಿದೆ.

ಯಂತ್ರದ ಪಕ್ಕ ನಿಂತಿರುವ ವೈದ್ಯ ವಿಲ್ಲೆಮ್ ಕೋಲ್ಫ್. ವಯಸ್ಸು 34. ಕಿಡ್ನಿ ಕೆಟ್ಟಾಗ ಅದರ ಬದಲು ರಕ್ತ ತೊಳೆಯುವ ಈ ಯಂತ್ರವನ್ನು ಎರಡೂವರೆ ವರ್ಷದಿಂದ ಅವರು ರೋಗಿಗಳಿಗೆ ಹಚ್ಚುತ್ತಿದ್ದಾರೆ. ಇವರು ಹದಿನೇಳನೆಯವರು. ಮೊದಲಿನ ಹದಿನಾರು ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದಾರೆ.

ಇನ್ನೊಂದು ವಿಷಯವಿದೆ. ಈ ಹೆಂಗಸನ್ನು ಸೆರೆಯಲ್ಲಿಟ್ಟಿದ್ದರು. ಯುದ್ಧ ಕಾಲದಲ್ಲಿ ಅವರು ನಾಜಿಗಳ ಪರ ಇದ್ದವರು. ಜರ್ಮನ್ ಸೈನ್ಯ ಆ ಊರು ಬಿಟ್ಟು ಐದು ತಿಂಗಳಷ್ಟೇ ಆಗಿತ್ತು. ಹಿಂದಿನ ಚಳಿಗಾಲದಲ್ಲಿ ದೇಶದ ಪಶ್ಚಿಮ ಭಾಗದಲ್ಲಿ ಜನ ಹಸಿವಿನಿಂದ ಸತ್ತಿದ್ದರು. ಇಂಥವಳಿಗೆ ಯಾಕೆ ಇಷ್ಟು ಕಷ್ಟಪಡುತ್ತೀರಿ, ಸಾಯಲಿ ಬಿಡಿ ಎಂದವರು ಊರಿನಲ್ಲಿದ್ದರು.

ಈ ಪ್ರಕರಣ ನನ್ನ ಮನಸ್ಸಿಗೆ ಹತ್ತಿರವಾಗಲು ಕಾರಣ ನಮ್ಮ ದೊಡ್ಡಪ್ಪ. ಅವರು ನಾಲ್ಕು ವರ್ಷ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ತೊಳೆಯುವ ಚಿಕಿತ್ಸೆ, ಮಾಡಿಸಿಕೊಂಡರು. ಮೊದಲ ವಾರ ಅವರು ಸಿಸ್ಟರ್‌ಗೆ ಕೇಳಿದ್ದು ಇನ್ನೂ ನೆನಪಿದೆ: "ಎಷ್ಟು ಸಲ ಮಾಡಿಸಿದ್ರೆ ಕಿಡ್ನಿ ಸರಿಹೋಗುತ್ತಮ್ಮಾ?" ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟ್ರನ್ನ ಕೇಳಿ ಅಜ್ಜಾ" ಎಂದರು. ಆ ಪ್ರಶ್ನೆಗೆ ನೇರ ಉತ್ತರ ನನಗೆ ಸಿಕ್ಕಿದ್ದು ಕಾಂಪೆನ್‌ನ ಈ ಹೆಂಗಸಿನ ಕತೆಯಲ್ಲಿ.

ದಿನಕ್ಕೆ 20 ಗ್ರಾಂ

ಕತೆ ಶುರುವಾಗುವುದು 1938ರಲ್ಲಿ, ಗ್ರೋನಿಂಗೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ. ಕೋಲ್ಫ್ ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ವೈದ್ಯ. ಅವರಿಗೆ ಒಪ್ಪಿಸಿದ್ದ ರೋಗಿಗಳಲ್ಲಿ 22 ವರ್ಷದ ಒಬ್ಬ ಹುಡುಗನಿದ್ದ. ಎರಡೂ ಕಿಡ್ನಿ ಕೆಟ್ಟಿದ್ದವು. ವಾಂತಿ, ಕಣ್ಣು ಮಂಜು, ಕೊನೆಗೆ ಸಾವು. ಮಗ ಉಳಿಯುವುದಿಲ್ಲ ಎಂದು ತಾಯಿಗೆ ಹೇಳುವ ಕೆಲಸವೂ ಕೋಲ್ಫ್ ಅವರ ಪಾಲಿಗೇ ಬಂತು.

ಆ ಹುಡುಗ ಸತ್ತಿದ್ದು ಯಾಕೆ? ನಾವು ತಿನ್ನುವ ಬೇಳೆ, ಹಾಲು, ಮಾಂಸದಲ್ಲಿರುವ ಪ್ರೋಟೀನ್ ದೇಹದಲ್ಲಿ ಒಡೆದಾಗ ಯೂರಿಯಾ ಎಂಬ ತ್ಯಾಜ್ಯ ಹುಟ್ಟುತ್ತದೆ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ನಿಂತರೆ ಯೂರಿಯಾ, ಪೊಟ್ಯಾಶಿಯಂ, ಆಮ್ಲ, ನೀರು ಎಲ್ಲ ರಕ್ತದಲ್ಲೇ ಉಳಿದುಬಿಡುತ್ತವೆ. ಕೋಲ್ಫ್ ಒಂದು ಸರಳ ಲೆಕ್ಕ ಹಾಕಿದರು. ದಿನಕ್ಕೆ 20 ಗ್ರಾಂ ಯೂರಿಯಾ ತೆಗೆಯಲು ಸಾಧ್ಯವಾಗಿದ್ದರೆ ಈ ಹುಡುಗ ಬದುಕುತ್ತಿದ್ದ. ಇಪ್ಪತ್ತು ಗ್ರಾಂ ಅಂದರೆ ನಾಲ್ಕೈದು ಚಮಚ ಸಕ್ಕರೆಯಷ್ಟು. ಒಂದು ಜೀವಕ್ಕೂ ಸಾವಿಗೂ ನಡುವೆ ಇದ್ದದ್ದು ಅಷ್ಟೇ.

ಕೋಲ್ಫ್ ಅವರಿಗೆ ಅಲ್ಲಿ ಹಿರಿಯರಾಗಿದ್ದವರು ಪ್ರೊಫೆಸರ್ ಪೋಲಾಕ್ ಡ್ಯಾನಿಯಲ್ಸ್. ಈ ತರುಣ ವೈದ್ಯನ ಹುಚ್ಚು ಆಲೋಚನೆಯನ್ನು ಅವರು ತಳ್ಳಿಹಾಕಲಿಲ್ಲ, ಮಾಡಿ ನೋಡು ಎಂದು ಬಿಟ್ಟರು. ಅದೇ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಬ್ರಿಂಕ್‌ಮನ್ ಅವರು ಸೆಲ್ಲೋಫೇನ್ ಬಗ್ಗೆ ಹೇಳಿಕೊಟ್ಟರು. ಕೋಲ್ಫ್ ಗೇಣೆರಡು ಉದ್ದದ ಒಂದು ಸೆಲ್ಲೋಫೇನ್ ಕೊಳವೆ ತೆಗೆದುಕೊಂಡರು. ಅದರಲ್ಲಿ 25 ಮಿಲಿ ಲೀಟರ್ ರಕ್ತ ತುಂಬಿ, ಬೇಕೆಂದೇ ಯೂರಿಯಾ ಬೆರೆಸಿದರು. ಕೊಳವೆಯನ್ನು ಒಂದು ಹಲಗೆಗೆ ಕಟ್ಟಿ ಉಪ್ಪುನೀರಿನಲ್ಲಿ ಅಲ್ಲಾಡಿಸಿದರು. ಐದೇ ನಿಮಿಷದಲ್ಲಿ ಯೂರಿಯಾ ಬಹುತೇಕ ಪೂರ್ತಿ ಹೊರಗಿನ ನೀರಿಗೆ ಇಳಿದುಹೋಗಿತ್ತು.

ಮಲೆನಾಡು, ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲಕ್ಕೆ ತೆಗೆಯುತ್ತಾರೆ. ಹಾಗೇ ಪಲ್ಯ ಮಾಡಿದರೆ ಬಾಯಿಗಿಡಲು ಆಗುವುದಿಲ್ಲ. ಅದಕ್ಕೆ ನೀರಿನಲ್ಲಿ ನೆನೆಹಾಕುತ್ತಾರೆ. ಸೊಳೆಯ ಉಪ್ಪು ನೀರಿಗೆ ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಒಳಗೂ ಹೊರಗೂ ಉಪ್ಪು ಸಮವಾಗಿ, ಇನ್ನು ಬಿಡುವುದು ನಿಲ್ಲುತ್ತದೆ. ಆಗ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಡಯಾಲಿಸಿಸ್ ನಡೆಯುವುದೂ ಹೀಗೇ. ರಕ್ತವನ್ನು ಸೋಸುವುದು ಎನ್ನುತ್ತೇವೆ, ಆದರೆ ಟೀ ಸೋಸಿದ ಹಾಗಲ್ಲ ಅದು. ಸೆಲ್ಲೋಫೇನಿನ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಯೂರಿಯಾದಂಥ ಸಣ್ಣ ಕಣಗಳು ದಾಟುತ್ತವೆ. ರಕ್ತಕಣಗಳು, ಪ್ರೋಟೀನ್‌ಗಳು ದೊಡ್ಡವು, ಒಳಗೇ ಉಳಿಯುತ್ತವೆ. ದೇಹಕ್ಕೆ ಬೇಕಾದ ಉಪ್ಪು ಕೂಡ ಸೋರಿಹೋಗಬಾರದಲ್ವಾ? ಅದಕ್ಕೇ ಹೊರಗಿನ ನೀರಿನಲ್ಲಿ ಉಪ್ಪು, ಸೋಡಾ, ಗ್ಲೂಕೋಸ್ ಮೊದಲೇ ಅಳತೆಯಲ್ಲಿ ಬೆರೆಸಿರುತ್ತಾರೆ.

ಈ ಯೋಚನೆ ಕೋಲ್ಫ್ ಅವರಿಗೇ ಮೊದಲು ಹೊಳೆದದ್ದಲ್ಲ. ಅಮೆರಿಕದಲ್ಲಿ ಏಬೆಲ್ ಮತ್ತು ಜೊತೆಗಾರರು 1913ರಲ್ಲೇ ಪ್ರಾಣಿಗಳ ಮೇಲೆ ಮಾಡಿದ್ದರು. ರಕ್ತ ಹೆಪ್ಪುಗಟ್ಟದಿರಲು ಜಿಗಣೆಯಿಂದ ತೆಗೆದ ವಸ್ತು ಬಳಸಿದ್ದರು. ಜರ್ಮನಿಯ ಗೀಸೆನ್ ಊರಿನಲ್ಲಿ ಗೇಯೋರ್ಗ್ ಹಾಸ್ 1924ರಲ್ಲಿ ಮನುಷ್ಯರ ಮೇಲೂ ಪ್ರಯತ್ನಿಸಿದ್ದರು. ಆಗ ಕೈಕೊಟ್ಟದ್ದು ಸಾಮಾನು. ಒಳ್ಳೆಯ ಪೊರೆ ಇರಲಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಶುದ್ಧ ಔಷಧಿ ಇರಲಿಲ್ಲ. ಕೋಲ್ಫ್ ಕಾಲಕ್ಕೆ ಸೆಲ್ಲೋಫೇನ್ ಬಂದಿತ್ತು, ಹೆಪಾರಿನ್ ಎಂಬ ಅಂಥ ಔಷಧಿ ಬಂದಿತ್ತು.

1940ರ ಮೇ ತಿಂಗಳಲ್ಲಿ ಜರ್ಮನಿ ನೆದರ್ಲೆಂಡ್ಸ್ ಮೇಲೆ ದಾಳಿ ಮಾಡಿತು. ಪೋಲಾಕ್ ಡ್ಯಾನಿಯಲ್ಸ್ ಯಹೂದಿ. ಮುಂದೆ ಏನು ಕಾದಿದೆ ಎಂದು ಅವರಿಗೆ ಗೊತ್ತಿತ್ತು. ಅವರೂ ಅವರ ಹೆಂಡತಿಯೂ ಒಟ್ಟಿಗೆ ಪ್ರಾಣ ಬಿಟ್ಟರು. ಅವರ ಜಾಗಕ್ಕೆ ನಾಜಿ ಪರ ವೈದ್ಯ ಬಂದಾಗ ಕೋಲ್ಫ್ ಅಲ್ಲಿ ನಿಲ್ಲಲಿಲ್ಲ, ಕಾಂಪೆನ್‌ನ ಸಣ್ಣ ಆಸ್ಪತ್ರೆಗೆ ಹೊರಟುಹೋದರು. ಐದು ವರ್ಷದ ಮೇಲೆ ನಾಜಿ ಪರವಾಗಿದ್ದ ಹೆಂಗಸಿನ ಮಂಚದ ಪಕ್ಕ ನಿಂತದ್ದು ಇದೇ ಮನುಷ್ಯ. ಈ ಎರಡು ಸಂಗತಿಗಳನ್ನು ನಾನು ಬೇರೆಬೇರೆಯಾಗಿ ಓದಿದ್ದೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದ ದಿನ ಓದು ಮುಂದೆ ಸಾಗಲಿಲ್ಲ.

ಯುದ್ಧದ ನಡುವೆ ಯಂತ್ರ

ಕಾಂಪೆನ್‌ನಲ್ಲಿ ಎನಾಮಲ್ ಪಾತ್ರೆ ಮಾಡುವ ಒಂದು ಕಾರ್ಖಾನೆ ಇತ್ತು. ಅದರ ನಿರ್ದೇಶಕ ಹೆಂಡ್ರಿಕ್ ಬೆರ್ಕ್. ಯುದ್ಧ ಕಾಲದಲ್ಲಿ ಲೋಹ ಸಿಗುವುದೇ ಕಷ್ಟ, ಸಿಕ್ಕಿದ್ದನ್ನು ಜರ್ಮನ್ನರ ಕಣ್ಣು ತಪ್ಪಿಸಿ ಬಳಸಬೇಕು. ಬೆರ್ಕ್ ಅವರ ಸಹಾಯದಿಂದ ತೊಟ್ಟಿ, ಡ್ರಮ್ಮು, ಅದನ್ನು ತಿರುಗಿಸುವ ಏರ್ಪಾಡು ತಯಾರಾದವು.

ಯಂತ್ರ ಕೆಲಸ ಮಾಡುವ ರೀತಿ ನೋಡಿದರೆ ಖುಷಿಯಾಗುತ್ತದೆ. ಕೊಳವೆಯನ್ನು ಡ್ರಮ್ಮಿಗೆ ಸುರುಳಿಯಾಗಿ ಸುತ್ತಿದ್ದಾರೆ. ಒಳಗಿರುವ ರಕ್ತ ಭಾರಕ್ಕೆ ಪ್ರತಿ ಸುತ್ತಿನ ಕೆಳಭಾಗಕ್ಕೆ ಇಳಿದು ನಿಲ್ಲುತ್ತದೆ. ಡ್ರಮ್ಮು ತಿರುಗಿದಂತೆ ಆ ರಕ್ತ ಸುರುಳಿಯ ದಾರಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ತಾನಾಗಿ ಸಾಗುತ್ತದೆ. ರಕ್ತ ಕೆಳಗಿರುವಾಗಲೇ ಆ ಭಾಗ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತದೆ. ಅಂದರೆ ತೆಳ್ಳಗೆ ಹರಡಿದ ರಕ್ತ, ಸುತ್ತಲೂ ನೀರು, ನಡುವೆ ಒಂದು ಪೊರೆ ಮಾತ್ರ. ತೊಡಕು ಇದ್ದದ್ದು ಒಂದು ಕಡೆ. ರೋಗಿಯ ಕೈಯಿಂದ ಬರುವ ಕೊಳವೆ ತಿರುಗುವುದಿಲ್ಲ, ಡ್ರಮ್ಮು ತಿರುಗುತ್ತದೆ. ಎರಡೂ ಸೇರುವ ಜಾಗದಲ್ಲಿ ರಕ್ತ ಸೋರಬಾರದು. ಕೋಲ್ಫ್ ಇದಕ್ಕೆ ಉತ್ತರ ಹುಡುಕಿದ್ದು ಫೋರ್ಡ್ ಕಾರಿನಲ್ಲಿ. ಅದರ ನೀರಿನ ಪಂಪಿನಲ್ಲಿ ಇಂಥದೇ ತಿರುಗುವ ಜೋಡಣೆ ಇತ್ತು. ಅದನ್ನೇ ಅನುಸರಿಸಿದರು.

ಮೊದಲ ಹದಿನಾರು ಜನ

1943ರ ಮಾರ್ಚ್‌ನಲ್ಲಿ ಮೊದಲ ರೋಗಿ ಬಂದರು. 29 ವರ್ಷದ ಹೆಂಗಸು, ಮನೆಕೆಲಸ ಮಾಡುತ್ತಿದ್ದವರು. ಕಿಡ್ನಿಗಳು ಬಹಳ ಹಿಂದೆಯೇ ಕೆಟ್ಟು ಕುಗ್ಗಿಹೋಗಿದ್ದವು. ಕೋಲ್ಫ್ ಹೆದರಿಕೊಂಡೇ ಶುರುಮಾಡಿದರು. ಮೊದಮೊದಲು ಸ್ವಲ್ಪ ಸ್ವಲ್ಪ ರಕ್ತ ತೆಗೆದು, ತೊಳೆದು, ವಾಪಸು ಕೊಟ್ಟರು. ಆಮೇಲೆ ಜಾಸ್ತಿ ಮಾಡಿದರು. ಯಂತ್ರ ಕೆಲಸ ಮಾಡಿತು. ಪ್ರತಿ ಸಲ ಯೂರಿಯಾ ಇಳಿಯಿತು, ಆಕೆ ಗೆಲುವಾದರು. ಕೆಲವೇ ದಿನದಲ್ಲಿ ಮತ್ತೆ ಏರಿತು. ಮತ್ತೆ ಡಯಾಲಿಸಿಸ್.

ಹನ್ನೆರಡು ಸಲ ಆದ ಮೇಲೆ ನಿಲ್ಲಿಸಬೇಕಾಯಿತು. ಯಂತ್ರ ಕೆಟ್ಟಿರಲಿಲ್ಲ. ರಕ್ತನಾಳಗಳು ಮುಗಿದುಹೋಗಿದ್ದವು. ಆಗ ಪ್ರತಿ ಸಲವೂ ಚರ್ಮ ಕೊಯ್ದು, ರಕ್ತನಾಳ ಬಿಡಿಸಿ, ಗಾಜಿನ ನಳಿಗೆ ಹಾಕಬೇಕಿತ್ತು. ಒಮ್ಮೆ ಬಳಸಿದ ಜಾಗ ಮತ್ತೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಹನ್ನೆರಡನೆಯ ಸಲ ಮುಗಿದಾಗ ಚುಚ್ಚಲು ಜಾಗವೇ ಉಳಿದಿರಲಿಲ್ಲ. ಆಕೆ ತೀರಿಕೊಂಡರು.

ಈ ಸಾವನ್ನು ಸೋಲು ಎಂದು ಬರೆದಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಡಯಾಲಿಸಿಸ್‌ನ ಅತಿ ಮುಖ್ಯ ಪಾಠ ಎರಡೂ ಈ ಒಬ್ಬ ಹೆಂಗಸಿನಿಂದಲೇ ಬಂದವು. ಒಂದು, ಯಂತ್ರ ರಕ್ತವನ್ನು ತೊಳೆಯುತ್ತದೆ, ಕಿಡ್ನಿಯನ್ನು ಸರಿಮಾಡುವುದಿಲ್ಲ. ಎರಡು, ಮತ್ತೆ ಮತ್ತೆ ತೊಳೆಯಬೇಕಾದರೆ ರಕ್ತಕ್ಕೆ ಕಾಯಂ ಬಾಗಿಲು ಬೇಕು.

ಉಳಿದವರ ಕತೆಯೂ ಬೇರೆಯಲ್ಲ. ಹೆಚ್ಚಿನವರು ಬಂದದ್ದೇ ಕೊನೆ ಘಳಿಗೆಯಲ್ಲಿ, ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ. ಹೆಪಾರಿನ್ ಕೊಟ್ಟಿದ್ದರಿಂದ ಕೊಯ್ದ ಜಾಗದಲ್ಲಿ ರಕ್ತ ನಿಲ್ಲದ ತೊಂದರೆ ಬೇರೆ. ಒಬ್ಬರು ಬದುಕಿದರು. ಆದರೆ ಅವರು ಯಂತ್ರ ಇಲ್ಲದಿದ್ದರೂ ಬದುಕುತ್ತಿದ್ದರೇನೋ ಎಂದು ಕೋಲ್ಫ್ ಅವರೇ ಒಪ್ಪಿಕೊಂಡರು. ಹೆಸರಾಗಬಹುದಾದ ಒಂದು ಯಶಸ್ಸನ್ನು ತಾವೇ ಕೈಬಿಟ್ಟ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹನ್ನೊಂದೂವರೆ ಗಂಟೆ

ಹದಿನೇಳನೆಯ ರೋಗಿಗೆ ಮರಳೋಣ. ಇವರ ಕಿಡ್ನಿಗಳು ಮೊದಲಿನಿಂದ ಕೆಟ್ಟವಲ್ಲ. ಪಿತ್ತಕೋಶಕ್ಕೆ ಸೋಂಕಾಗಿತ್ತು. ಸಲ್ಫಾ ಗುಂಪಿನ ಔಷಧಿ ಕೊಟ್ಟಿದ್ದರು. ಈ ಔಷಧಿ ಕೆಲವರಲ್ಲಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಸೋಂಕೂ ಔಷಧಿಯೂ ಸೇರಿ ಕೆಲವೇ ದಿನಗಳಲ್ಲಿ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ರಕ್ತದಲ್ಲಿ ಯೂರಿಯಾ 100 ಮಿಲಿ ಲೀಟರಿಗೆ 396 ಮಿಲಿಗ್ರಾಂ ಮುಟ್ಟಿತ್ತು. ನಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಬ್ಲಡ್ ಯೂರಿಯಾ ಎಂದು ಬರುತ್ತದಲ್ಲ, ಅದು ಸಾಮಾನ್ಯವಾಗಿ ಸುಮಾರು 40ರ ಒಳಗಿರಬೇಕು.

ಡ್ರಮ್ಮು 690 ನಿಮಿಷ ತಿರುಗಿತು. ಹನ್ನೊಂದೂವರೆ ಗಂಟೆ. ಸುಮಾರು 80 ಲೀಟರ್ ರಕ್ತ ಕೊಳವೆಯಲ್ಲಿ ಹಾದುಹೋಯಿತು. ದೇಹದಲ್ಲಿರುವ ಐದು ಲೀಟರಿನಷ್ಟು ರಕ್ತವೇ ಮತ್ತೆ ಮತ್ತೆ ಹೋಗಿಬಂದದ್ದು. ಆರೋಗ್ಯವಾಗಿರುವ ನಮ್ಮ ಎರಡು ಕಿಡ್ನಿಗಳ ಮೂಲಕ ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ ರಕ್ತ ಹಾಯುತ್ತದೆ. ಅಂದರೆ ಆ ಇಡೀ ದಿನದ ಕೆಲಸವನ್ನು ನಮ್ಮ ಕಿಡ್ನಿಗಳು ಒಂದು ಗಂಟೆ ಚಿಲ್ಲರೆಯಲ್ಲಿ ಸುಮ್ನೆ ಮಾಡಿ ಮುಗಿಸುತ್ತವೆ. ಈ ಲೆಕ್ಕ ಹಾಕಿದ ಮೇಲೆ, ಆರೋಗ್ಯವಂತರಿಗೆ "ರಕ್ತ ಶುದ್ಧಿ" ಮಾಡಿಕೊಡುತ್ತೇವೆ ಎಂದು ಹಣ ಕೇಳುವ ಜಾಹೀರಾತು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಕಿಡ್ನಿ ಸರಿ ಇರುವವರಿಗೆ ಅದು ಖಂಡಿತ ಬೇಡ.

ಕೊನೆಗೆ ಯೂರಿಯಾ 121ಕ್ಕೆ ಇಳಿದಿತ್ತು. ಕೋಲ್ಫ್ ಬಾಗಿ, ನನ್ನ ಮಾತು ಕೇಳಿಸುತ್ತಿದೆಯಾ ಎಂದು ಕೇಳಿದರು. ಆಕೆ ಕಣ್ಣು ಬಿಟ್ಟರು. ಗಂಡನಿಗೆ ವಿಚ್ಛೇದನ ಕೊಡುತ್ತೇನೆ ಎಂದರು. ಮುಂದೆ ಹಾಗೇ ಮಾಡಿದರು ಕೂಡ. ಮೊದಲ ಸಲ ಇದನ್ನು ಓದಿದಾಗ ನಗು ಬಂದಿತ್ತು. ಈಗ ಬರುವುದಿಲ್ಲ. ಸಾವಿನ ಬಾಗಿಲಿನಿಂದ ವಾಪಸು ಬಂದವರು ತಮ್ಮದೇ ಬದುಕಿನ, ತಮ್ಮದೇ ಮನೆಯ ಚಿಂತೆಗೆ ವಾಪಸು ಬರುತ್ತಾರೆ. ದೊಡ್ಡಪ್ಪನೂ ಡಯಾಲಿಸಿಸ್ ಮುಗಿದ ಕೂಡಲೇ ಕೇಳುತ್ತಿದ್ದದ್ದು ತೋಟದ ಪಂಪ್‌ಸೆಟ್ ಬಗ್ಗೆ.

ಯಂತ್ರ ಉಳಿಸಿತೇ, ಕಿಡ್ನಿ ತಾನಾಗಿ ಚೇತರಿಸಿತೇ?

ಮುಂದಿನ ದಿನಗಳಲ್ಲಿ ಆಕೆಗೆ ಮೂತ್ರ ಬರತೊಡಗಿತು. ಕಿಡ್ನಿಗಳು ಮತ್ತೆ ಕೆಲಸಕ್ಕೆ ತೊಡಗಿದವು. ಮತ್ತೆ ಡ್ರಮ್ಮಿನ ಅಗತ್ಯ ಬೀಳಲಿಲ್ಲ.

ಆಗಲೇ ಒಂದು ಪ್ರಶ್ನೆ ಎದ್ದಿತು, ಅದು ನ್ಯಾಯವಾದ ಪ್ರಶ್ನೆಯೇ. ಇಂಥ ದಿಢೀರ್ ಕಿಡ್ನಿ ವೈಫಲ್ಯದಲ್ಲಿ ಕೆಲವರು ತಾವಾಗಿ ಗುಣವಾಗುತ್ತಾರೆ. ಪ್ರೋಟೀನ್, ಉಪ್ಪು, ನೀರು ಎಲ್ಲ ಹಿಡಿತದಲ್ಲಿಟ್ಟು ಪಥ್ಯ ಮಾಡಿಸಿದರೆ ಸಾಕು, ಯಂತ್ರದ ಅಪಾಯ ಯಾಕೆ ಎಂದು ಬಹಳ ವೈದ್ಯರು ವಾದಿಸಿದರು. ಒಬ್ಬ ರೋಗಿಯನ್ನು ಇಟ್ಟುಕೊಂಡು ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ, ನಿಜ.

ಆದರೆ ಈ ಪ್ರಕರಣದಲ್ಲಿ ಘಟನೆಗಳು ನಡೆದ ಕ್ರಮವನ್ನು ಗಮನಿಸಿ. ಆಕೆಗೆ ಪ್ರಜ್ಞೆ ಬಂದದ್ದು ಮೊದಲು, ಕಿಡ್ನಿ ಚೇತರಿಸಿದ್ದು ಆಮೇಲೆ. ಕಣ್ಣು ಬಿಟ್ಟಾಗ ಅವರ ಕಿಡ್ನಿಗಳು ಇನ್ನೂ ಕೆಲಸ ಶುರುಮಾಡಿರಲಿಲ್ಲ. ಆ ಹನ್ನೊಂದೂವರೆ ಗಂಟೆಯಲ್ಲಿ ಬದಲಾದದ್ದು ರಕ್ತ ಮಾತ್ರ. ಹಾಗಾಗಿ ಎಚ್ಚರ ತಂದದ್ದು ಯಂತ್ರ, ಗುಣಪಡಿಸಿಕೊಂಡದ್ದು ಕಿಡ್ನಿ. ಯಂತ್ರ ಕೊಟ್ಟದ್ದು ಕೆಲವು ದಿನಗಳ ಬಿಡುವು. ಆ ಬಿಡುವು ಸಿಗದಿದ್ದರೆ ಕಿಡ್ನಿ ಎದ್ದು ಕೂರುವ ಹೊತ್ತಿಗೆ ಆಕೆ ಇರುತ್ತಿದ್ದರೇ? ನನಗೆ ಅನುಮಾನ.

29 ವರ್ಷದ ಮೊದಲ ರೋಗಿಗೂ ಇದೇ ಯಂತ್ರ, ಇದೇ ವೈದ್ಯ, ಇದೇ ಬಿಡುವು ಸಿಕ್ಕಿತ್ತು. ಆದರೆ ಅವರ ಕಿಡ್ನಿ ವಾಪಸು ಬರುವ ಸ್ಥಿತಿಯಲ್ಲಿ ಇರಲಿಲ್ಲ. ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇದೇ. ಎಷ್ಟು ಸಲ ಬೇಕು ಎಂಬುದನ್ನು ಯಂತ್ರ ಹೇಳುವುದಿಲ್ಲ, ಕಿಡ್ನಿ ಯಾಕೆ ಕೆಟ್ಟಿತು ಎಂಬುದು ಹೇಳುತ್ತದೆ. ನಮ್ಮ ಕಡೆ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದವರು, ಮಳೆಗಾಲದಲ್ಲಿ ಇಲಿಜ್ವರ ಬಂದವರು ಕಿಡ್ನಿ ನಿಂತು ಆಸ್ಪತ್ರೆ ಸೇರುತ್ತಾರೆ. ಅವರಲ್ಲಿ ಬಹಳ ಜನ ಕಾಂಪೆನ್‌ನ ಹದಿನೇಳನೆಯ ರೋಗಿಯಂಥವರು. ಕೆಲವು ಸಲ ಡಯಾಲಿಸಿಸ್ ಆದರೆ ಕಿಡ್ನಿ ಮತ್ತೆ ಹಿಡಿದುಕೊಳ್ಳಬಹುದು. "ಡಯಾಲಿಸಿಸ್ ಶುರುಮಾಡಿದರೆ ಜನ್ಮಪೂರ್ತಿ ಬಿಡಲ್ಲ" ಎಂದು ಹೆದರಿ ಇಂಥವರನ್ನು ಮನೆಗೆ ಕರೆದುಕೊಂಡು ಹೋಗುವುದು ಜೀವ ತೆಗೆಯುವ ತಪ್ಪು. ಸಕ್ಕರೆ ಕಾಯಿಲೆ, ಬಿಪಿಯಿಂದ ವರ್ಷಗಟ್ಟಲೆ ಸವೆದ ಕಿಡ್ನಿ ಬೇರೆ. ಅಲ್ಲಿ ಡಯಾಲಿಸಿಸ್ ನಡೆಯುತ್ತಲೇ ಇರಬೇಕು, ಇಲ್ಲವೇ ಕಸಿ ಆಗಬೇಕು. ಈ ವ್ಯತ್ಯಾಸವನ್ನು ವೈದ್ಯರು ಮೊದಲ ದಿನವೇ ಮನೆಯವರಿಗೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ನಾವೇ ಕೇಳಬೇಕು.

ಆಮೇಲೆ

ಕೋಲ್ಫ್ ಯಂತ್ರಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಯುದ್ಧ ಮುಗಿದ ಮೇಲೆ ತಮ್ಮ ಬಳಿ ಇದ್ದ ಯಂತ್ರಗಳನ್ನು ಲಂಡನ್, ನ್ಯೂಯಾರ್ಕ್ ಮುಂತಾದ ಕಡೆಯ ಆಸ್ಪತ್ರೆಗಳಿಗೆ ಕೊಟ್ಟುಬಿಟ್ಟರು. ನಕ್ಷೆಗಳು ಬಾಸ್ಟನ್ನಿಗೆ ಹೋಗಿ ಅಲ್ಲಿ ಇನ್ನೂ ಗಟ್ಟಿಯಾದ ಯಂತ್ರವಾಯಿತು. ಕೊರಿಯಾ ಯುದ್ಧದಲ್ಲಿ ಗಾಯಾಳು ಸೈನಿಕರಿಗೆ ಬಳಸಿದ್ದು ಅದನ್ನೇ. ಅವರು 1950ರಲ್ಲಿ ಅಮೆರಿಕಕ್ಕೆ ಹೋದರು, 2009ರಲ್ಲಿ 97ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾಂಪೆನ್‌ನ ಆ ಹೆಂಗಸು 1951ರವರೆಗೆ ಬದುಕಿದ್ದರು. ಅವರನ್ನು ಕೊನೆಗೆ ಕರೆದೊಯ್ದದ್ದು ಕಿಡ್ನಿ ಕಾಯಿಲೆ ಅಲ್ಲ.

29 ವರ್ಷದ ಆ ಮೊದಲ ರೋಗಿಗೆ ಬೇಕಾಗಿದ್ದದ್ದು ಬರಲು ಇನ್ನೂ ತಡವಾಯಿತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ನಳಿಗೆಯೊಂದನ್ನು ಕೈಯಲ್ಲೇ ಕಾಯಂ ಬಿಡುವ ದಾರಿ ಕಂಡುಹಿಡಿದರು. ಅವರ ಮೊದಲ ರೋಗಿ ಅದರಿಂದ ಹನ್ನೊಂದು ವರ್ಷ ಬದುಕಿದರು. 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಅದಕ್ಕಿಂತ ಸರಳ ಉಪಾಯ ಪ್ರಕಟಿಸಿದರು. ಮಣಿಕಟ್ಟಿನ ಹತ್ತಿರ ಶುದ್ಧರಕ್ತನಾಳವನ್ನೂ ಅಶುದ್ಧರಕ್ತನಾಳವನ್ನೂ ಹೊಲಿದು ಸೇರಿಸುವುದು. ಕೆಲವು ವಾರಗಳಲ್ಲಿ ಅಶುದ್ಧರಕ್ತನಾಳ ದಪ್ಪವಾಗಿ, ಗಟ್ಟಿಯಾಗಿ, ಮತ್ತೆ ಮತ್ತೆ ಸೂಜಿ ಚುಚ್ಚಲು ತಡೆದುಕೊಳ್ಳುತ್ತದೆ. ಇದೇ ಫಿಸ್ಟುಲಾ. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುಮಾಡಿದಾಗ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರ ಬಂತು. ಆದರೆ ವರ್ಷಗಟ್ಟಲೆ ಡಯಾಲಿಸಿಸ್ ಬೇಕಾದವರಿಗೆ ಕೈಯಲ್ಲಿ ಇಂಥ ಬಾಗಿಲು ಇಲ್ಲದಿದ್ದರೆ ಯಂತ್ರ ಇದ್ದೂ ಕಷ್ಟವೇ.

ದೊಡ್ಡಪ್ಪನಿಗೆ ಫಿಸ್ಟುಲಾ ಇದ್ದದ್ದು ಎಡಗೈಯಲ್ಲಿ. ಆ ಕೈಗೆ ಬಿಪಿ ಪಟ್ಟಿ ಕಟ್ಟಲು ಯಾರಿಗೂ ಬಿಡುತ್ತಿರಲಿಲ್ಲ, ಆ ಕೈಯಲ್ಲಿ ಭಾರ ಎತ್ತುತ್ತಿರಲಿಲ್ಲ. ಅದರ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಜುಮ್ಮನೆ ಓಡುವುದು ಗೊತ್ತಾಗುತ್ತಿತ್ತು. ಆ ಜುಮ್ಮು ನಿಂತರೆ ತಕ್ಷಣ ಆಸ್ಪತ್ರೆಗೆ ಬರಬೇಕು ಎಂದು ಹೇಳಿದ್ದರು. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಅವರು ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ನನ್ನನ್ನು ಕರೆದು, ನನ್ನ ಬೆರಳನ್ನು ತಮ್ಮ ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಹೇಳುತ್ತಿದ್ದರು: "ಹಿಟ್ಟಿನ ಗಿರಣಿ ಓಡ್ತಾ ಇದೆ ನೋಡೋ."